ಅಂಬೋಲಿಯ ಕಲ್ಲಿನೊಳಗಿನ ಆಮೆ

ಸಾಂತಾಕ್ರೂಜಿನಿಂದ ಬೊರಿವಲಿ ಕಡೆಗೆ ಹೋಗುವ ಸ್ಲೋ ಲೋಕಲ್ ಹಿಡಿದರೆ ಮೊದಲು ವಿಲೇಪಾರ್ಲೆ, ಆಮೇಲೆ ಅಂಧೇರಿ, ಮೂರನೆಯದು ಜೋಗೇಶ್ವರಿ. ಅಂಧೇರಿಗೂ ಜೋಗೇಶ್ವರಿಗೂ ನಡುವೆ, ಹಳಿಯ ಪಶ್ಚಿಮಕ್ಕೆ ಇರುವುದು ಅಂಬೋಲಿ. ನಮ್ಮ ಊರಿನವರ ಹೊಟೇಲುಗಳು, ಸೊಸೈಟಿಗಳು, ರಿಕ್ಷಾಗಳ ಸಾಲು, ಎಲ್ಲ ಉಪನಗರಗಳ ಹಾಗೆಯೇ ಅದೂ ಒಂದು. ಆದರೆ ಅಂಬೋಲಿಯಲ್ಲಿ ಹಿಂದೆ ಒಂದು ಕಲ್ಲುಕೋರೆ ಇತ್ತು. ಆ ಕೋರೆಯ ಕಲ್ಲಿನಿಂದ ಒಂದು ಆಮೆಯ ತಲೆಬುರುಡೆ ಹೊರಬಂತು. ಅದು ಬದುಕಿದ್ದಾಗ ಮುಂಬಯಿ ಇರಲಿಲ್ಲ, ಅರಬ್ಬಿ ಸಮುದ್ರಕ್ಕೆ ಇಂದಿನ ಆಕಾರ ಇರಲಿಲ್ಲ, ಹಿಮಾಲಯವೂ ಇರಲಿಲ್ಲ.

2003ರಲ್ಲಿ ಅದಕ್ಕೊಂದು ಹೆಸರು ಬಿತ್ತು: ಸಂಕುಚೆಮಿಸ್ ಸೇಠ್ನಾಯ್. ಹೆಸರಿಟ್ಟವರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಯುಜೀನ್ ಗ್ಯಾಫ್ನಿ ಮತ್ತು ನಮ್ಮ ದೇಶದ ಹಿರಿಯ ಪ್ರಾಗ್ಜೀವಿ ವಿಜ್ಞಾನಿ ಅಶೋಕ್ ಸಾಹ್ನಿ ಸೇರಿದ್ದಾರೆ. ಕೊನೆಯ ಪದ ಮುಂಬಯಿಯ ಭೂವಿಜ್ಞಾನಿ ಎಸ್. ಎಫ್. ಸೇಠ್ನಾ ಅವರ ಗೌರವಕ್ಕೆ. ಈ ಮಹಾನಗರದ ನೆಲದಡಿಯ ಕಲ್ಲನ್ನು ಓದುವುದಕ್ಕೆ ದುಡಿದವರು ಅವರು.

ನಾನು ಭೂವಿಜ್ಞಾನಿಯಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾಗಿ ಸಾಂತಾಕ್ರೂಜ್ ಪೂರ್ವದಲ್ಲಿ ಇರುವವನು. ಉಡುಪಿ ಕಡೆಯವನು. ಮುಂಬಯಿ ಎಂದರೆ ಕಡಲನ್ನು ತುಂಬಿಸಿ ಮಾಡಿದ ಊರು, ಇದಕ್ಕೆ ಇನ್ನೂರು ಮುನ್ನೂರು ವರ್ಷಕ್ಕಿಂತ ಹಿಂದಿನ ಕತೆ ಏನಿದ್ದೀತು ಎಂದು ಹೇಳುವವರನ್ನು ಬಹಳ ಕೇಳಿದ್ದೇನೆ. ಈ ಆಮೆಯ ವಿಷಯ ತಿಳಿದ ಮೇಲೆ ನನಗೆ ಸಿಕ್ಕ ಹಳೆಯ ಕತೆಯಲ್ಲಿ ನಮ್ಮ ಮಲ್ಪೆಯೂ ಬರುತ್ತದೆ. ಅದನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ.

ಬೆಂಕಿಯ ನಡುವಿನ ಕೆರೆ

ಮುಂಬಯಿಯ ಕಪ್ಪು ಕಲ್ಲು ಲಾವಾರಸ ತಣ್ಣಗಾಗಿ ಆದದ್ದು. ದಖ್ಖನಿನ ಈ ಲಾವಾ ಪದರಗಳು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಆವರಿಸಿವೆ. ಬೆಳಗಾವಿ, ವಿಜಯಪುರ, ಕಲಬುರಗಿಗಳ ಕರಿಕಲ್ಲು, ಎರೆಮಣ್ಣು ಕೂಡ ಅದರದೇ ಸಂತಾನ. ಆ ಮಹಾ ಉಕ್ಕುವಿಕೆಯ ಮುಖ್ಯ ಭಾಗ ನಡೆದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರುಗಳು ಅಳಿದ ಹೊತ್ತಿಗೇ. ಮುಂಬಯಿಯ ಕೆಲವು ಕಲ್ಲುಗಳು ಇನ್ನೂ ತಡವಾಗಿ, ಸುಮಾರು 6 ಕೋಟಿ ವರ್ಷಗಳ ಹಿಂದೆ ಬಂದವು.

ಆದರೆ ಲಾವಾ ಒಂದೇ ಸಮನೆ ಹರಿಯಲಿಲ್ಲ. ಒಂದು ಹರಿವು ಬಂದು ತಣ್ಣಗಾಗುತ್ತಿತ್ತು. ಮುಂದಿನದು ಬರುವುದರೊಳಗೆ ಸಾವಿರಾರು ವರ್ಷ ಕಳೆದುಹೋಗುವುದೂ ಇತ್ತು. ಆ ಬಿಡುವಿನಲ್ಲಿ ಮಳೆ ಬಿತ್ತು, ತಗ್ಗಿನಲ್ಲಿ ನೀರು ನಿಂತಿತು, ಕೆಸರು ಕೂತಿತು, ಗಿಡ ಬೆಳೆಯಿತು, ಕಪ್ಪೆ ಬಂತು, ಆಮೆ ಬಂತು. ಆಮೇಲೆ ಮತ್ತೊಂದು ಹರಿವು ಬಂದು ಅದೆಲ್ಲವನ್ನೂ ಮುಚ್ಚಿಬಿಟ್ಟಿತು. ಎರಡು ಲಾವಾ ಪದರಗಳ ನಡುವೆ ಹೀಗೆ ಸಿಕ್ಕಿಕೊಂಡ ಕೆಸರಿನ ಕಲ್ಲಿಗೆ ಭೂವಿಜ್ಞಾನದಲ್ಲಿ ‘ಇಂಟರ್‌ಟ್ರಾಪಿಯನ್’ ಪದರ ಎನ್ನುತ್ತಾರೆ. ಎರಡು ದೋಸೆಗಳ ನಡುವೆ ಸವರಿದ ಚಟ್ನಿ ಎಂದುಕೊಳ್ಳಿ. ದೋಸೆ ದಪ್ಪ, ಚಟ್ನಿ ತೆಳು, ಆದರೆ ಜೀವಿಗಳ ಗುರುತೆಲ್ಲ ಉಳಿದಿರುವುದು ಆ ಚಟ್ನಿಯಲ್ಲಿ.

ಅಂಬೋಲಿಯ ಆಮೆ ಸಿಕ್ಕಿದ್ದು ಇಂಥ ಒಂದು ಪದರದಲ್ಲಿ. ಅದರ ವಯಸ್ಸಿನ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ. ಹೆಸರಿಟ್ಟವರು ಅದನ್ನು ಕ್ರಿಟೇಶಿಯಸ್ ಯುಗದ ಕೊನೆಯದು ಎಂದಿದ್ದಾರೆ. ಸುತ್ತಲಿನ ಲಾವಾದ ಕಾಲಗಣನೆ ಇನ್ನಷ್ಟು ಈಚೆಗೆ ಎಳೆಯುತ್ತದೆ. 6ರಿಂದ 6.6 ಕೋಟಿ ವರ್ಷಗಳ ನಡುವೆ ಎಂದರೆ ಎರಡೂ ಲೆಕ್ಕ ಒಳಗೇ ಬರುತ್ತವೆ.

ಇದು ಮುಂಬಯಿಯ ಮೊದಲ ಆಮೆಯೂ ಅಲ್ಲ. 1847ರಲ್ಲೇ ಇಲ್ಲಿಯ ಪುಟ್ಟ ಕಪ್ಪೆಯ ಪಳೆಯುಳಿಕೆಯನ್ನು ಲಂಡನ್ನಿನ ರಿಚರ್ಡ್ ಓವೆನ್ ವರ್ಣಿಸಿದ್ದರು. ‘ಡೈನೋಸಾರ್’ ಎಂಬ ಪದವನ್ನು ಟಂಕಿಸಿದ ಓವೆನ್ ಇವರೇ. 1852ರಲ್ಲಿ, ಎಂದರೆ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡುವ ಹಿಂದಿನ ವರ್ಷ, ಹೆನ್ರಿ ಜಾನ್ ಕಾರ್ಟರ್ ಎಂಬ ವೈದ್ಯ ಮುಂಬಯಿ ದ್ವೀಪದ ಭೂರಚನೆಯ ಬಗ್ಗೆ ಬರೆಯುತ್ತ ಇಲ್ಲಿಯ ಒಂದು ಆಮೆಯನ್ನೂ ದಾಖಲಿಸಿದರು. ಡಾ. ಲೀತ್ ಎಂಬವರ ಹೆಸರನ್ನು ಅದಕ್ಕೆ ಕೊಟ್ಟರು. ನಂತರದ ವಿದ್ವಾಂಸರು ಅದರ ಕುಲನಾಮವನ್ನು ಬದಲಿಸಿ ಕಾರ್ಟರೆಮಿಸ್ ಎಂದರು. ಹೀಗೆ ಮುಂಬಯಿಯ ಎರಡು ಪ್ರಾಚೀನ ಆಮೆಗಳಲ್ಲಿ ಮುಂಬಯಿಯ ಕಲ್ಲನ್ನು ಓದಿದವರ ಹೆಸರುಗಳೇ ಉಳಿದಿವೆ.

ಒಂದು ಬುರುಡೆಯಿಂದ ಏನೇನು ತಿಳಿಯುತ್ತದೆ

ನಮ್ಮ ಬಿಲ್ಡಿಂಗಿನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಈ ಕತೆ ಹೇಳಿದಾಗ ಅವಳು ಕೇಳಿದ್ದು ನೇರ ಪ್ರಶ್ನೆ. “ಅಂಕಲ್, ಬರೀ ತಲೆ ಸಿಕ್ಕಿದರೆ ಅದು ಎಂಥಾ ಆಮೆ ಅಂತ ಹೇಗೆ ಗೊತ್ತಾಗ್ತದೆ? ಚಿಪ್ಪು ಬೇಡ್ವಾ?”

ಅದಕ್ಕೆ ಉತ್ತರ ಕೊಡಬೇಕಾದರೆ ಆಮೆಯ ದೇಹ ಎಷ್ಟು ವಿಚಿತ್ರವಾದದ್ದು ಎಂಬುದರಿಂದ ಶುರುಮಾಡಬೇಕು. ಆಮೆಯ ಚಿಪ್ಪು ಬಸವನಹುಳುವಿನ ಚಿಪ್ಪಿನಂತೆ ಹೊರಗಿನ ಮನೆಯಲ್ಲ. ಮೇಲಿನ ಚಿಪ್ಪು ಅದರದೇ ಪಕ್ಕೆಲುಬುಗಳು ಮತ್ತು ಬೆನ್ನೆಲುಬು ಅಗಲವಾಗಿ ಹರಡಿ ಬೆಸೆದು ಆದದ್ದು. ಆದ್ದರಿಂದ ಆಮೆ ಚಿಪ್ಪು ಕಳಚಿ ಹೊರಗೆ ಬರುವುದು ಕಾರ್ಟೂನಿನಲ್ಲಿ ಮಾತ್ರ ಸಾಧ್ಯ. ಇನ್ನೂ ಒಂದು ಸೋಜಿಗ: ನಿಮ್ಮ ಹೆಗಲ ಮೂಳೆಯನ್ನು ಮುಟ್ಟಿ ನೋಡಿಕೊಳ್ಳಿ, ಅದು ಪಕ್ಕೆಲುಬಿನ ಗೂಡಿನ ಹೊರಗಿದೆ. ಆಮೆಗೆ ಅದು ಗೂಡಿನ ಒಳಗಿದೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಂಥ ಜೋಡಣೆ ಬೇರೆಲ್ಲೂ ಇಲ್ಲ.

ಈ ಜೋಡಣೆ ಹಂತಹಂತವಾಗಿ ಬಂತು ಎಂಬುದಕ್ಕೆ ಸಾಕ್ಷಿ ಚೀನಾದಲ್ಲಿ ಸಿಕ್ಕಿತು. 2008ರಲ್ಲಿ ವರ್ಣಿಸಲಾದ, ಸುಮಾರು 22 ಕೋಟಿ ವರ್ಷ ಹಳೆಯ ಒಡಾಂಟೊಕೆಲಿಸ್ ಎಂಬ ಆಮೆಗೆ ಹೊಟ್ಟೆಯ ಕೆಳಗಿನ ಚಿಪ್ಪು ಪೂರ್ತಿ ಇತ್ತು, ಬೆನ್ನ ಮೇಲೆ ಬರೀ ಅಗಲವಾದ ಪಕ್ಕೆಲುಬುಗಳಿದ್ದವು. ಬಾಯಲ್ಲಿ ಹಲ್ಲುಗಳೂ ಇದ್ದವು. ಇಂದಿನ ಯಾವ ಆಮೆಗೂ ಹಲ್ಲಿಲ್ಲ, ಹಕ್ಕಿಯ ಹಾಗೆ ಕೊಕ್ಕು ಮಾತ್ರ.

ಈಗ ತಲೆಯ ವಿಷಯ. ಇಂದು ಬದುಕಿರುವ ಆಮೆಗಳಲ್ಲಿ ಎರಡು ದೊಡ್ಡ ಬಣಗಳಿವೆ. ಒಂದು, ಕತ್ತನ್ನು ಮೇಲೆ ಕೆಳಗೆ ‘ಎಸ್’ ಆಕಾರದಲ್ಲಿ ಮಡಚಿ ತಲೆಯನ್ನು ನೇರ ಒಳಗೆ ಎಳೆದುಕೊಳ್ಳುವವು. ನಮ್ಮ ಕೆರೆ ಬಾವಿಗಳ ಆಮೆ, ಕಾಡಿನ ನಕ್ಷತ್ರ ಆಮೆ, ಕಡಲಾಮೆ ಎಲ್ಲವೂ ಈ ಬಣದವು. ಇನ್ನೊಂದು, ಕತ್ತನ್ನು ಪಕ್ಕಕ್ಕೆ ಮಡಚಿ ಚಿಪ್ಪಿನ ಅಂಚಿನಡಿ ಇಟ್ಟುಕೊಳ್ಳುವವು. ಇವನ್ನು ಪಕ್ಕಕತ್ತಿನ ಆಮೆ ಎನ್ನೋಣ. ಪಕ್ಕಕತ್ತಿನವುಗಳಲ್ಲಿ ಸೊಂಟದ ಮೂಳೆ ಚಿಪ್ಪಿಗೆ ಬೆಸೆದಿರುತ್ತದೆ, ಮೊದಲ ಬಣದಲ್ಲಿ ಹಾಗಿಲ್ಲ.

ಕತ್ತೂ ಇಲ್ಲ, ಸೊಂಟವೂ ಇಲ್ಲ, ಬುರುಡೆ ಮಾತ್ರ ಇದೆ ಎಂದರೆ? ಆಗ ದವಡೆಯ ಸ್ನಾಯು ಹಾದುಹೋಗುವ ದಾರಿಯನ್ನು ನೋಡುತ್ತಾರೆ. ಆಮೆಯ ಬುರುಡೆಯಲ್ಲಿ ಕಿವಿಯ ಕೋಣೆ ದೊಡ್ಡದು. ಬುರುಡೆಯ ಹಿಂಭಾಗದಿಂದ ದವಡೆಗೆ ಬರುವ ಬಲವಾದ ಸ್ನಾಯುವಿಗೆ ಅದು ಅಡ್ಡ ಬರುತ್ತದೆ. ಹಾಗಾಗಿ ಸ್ನಾಯು ಒಂದು ಗುಬುಟಿನ ಮೇಲೆ ಬಾಗಿ ಇಳಿಯುತ್ತದೆ, ಬಾವಿಯ ರಾಟೆಯ ಮೇಲೆ ಹಗ್ಗ ಬಾಗುವ ಹಾಗೆ. ಮೊದಲ ಬಣದಲ್ಲಿ ಈ ರಾಟೆ ಇರುವುದು ಕಿವಿಯ ಕೋಣೆಯ ಮೇಲೆಯೇ. ಪಕ್ಕಕತ್ತಿನವುಗಳಲ್ಲಿ ಅದು ಅಂಗುಳದ ಭಾಗದ ಇನ್ನೊಂದು ಮೂಳೆಯಿಂದ ಚಾಚಿಕೊಂಡಿರುತ್ತದೆ. ಆ ಗುಬುಟು ಯಾವ ಮೂಳೆಯ ಮೇಲಿದೆ ಎಂದು ನೋಡಿದರೆ ಸಾಕು, ಸಿಗದೇ ಹೋದ ಕತ್ತು ಯಾವ ಕಡೆಗೆ ಮಡಚುತ್ತಿತ್ತು ಎಂದು ಹೇಳಬಹುದು.

ಅಂಬೋಲಿಯದು ಪಕ್ಕಕತ್ತಿನ ಆಮೆ. ಅದರಲ್ಲೂ ಬೋತ್ರೆಮಿಡಿಡೇ ಎಂಬ, ಈಗ ಪೂರ್ತಿ ಅಳಿದುಹೋಗಿರುವ ಮನೆತನದ್ದು. ಹುಡುಗಿಗೆ ಇಷ್ಟು ಹೇಳಿದಾಗ ಅವಳು ತನ್ನ ದವಡೆಯನ್ನು ಒತ್ತಿ ಒತ್ತಿ ನೋಡಿಕೊಂಡಳು. “ನಮಗೆ ರಾಟೆ ಇಲ್ವಾ?” ಎಂದಳು. ನಮಗಿಲ್ಲ, ನಮ್ಮ ಸ್ನಾಯು ಕೆನ್ನೆಯ ಪಕ್ಕದಿಂದ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತದೆ.

ಕಡಲಿಗಿಳಿದ ಆಮೆಗಳು

ಅಳಿದುಹೋದ ಆಮೆ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಆರ್ಕೆಲಾನ್. 1895ರಲ್ಲಿ ಅಮೆರಿಕದ ಸೌತ್ ಡಕೋಟದಲ್ಲಿ ಜಾರ್ಜ್ ವೀಲ್ಯಾಂಡ್ ಎಂಬವರು ಅದರ ಮೂಳೆಗಳನ್ನು ಕಂಡುಹಿಡಿದು, ಮರುವರ್ಷ ಹೆಸರಿಟ್ಟರು. ಇಂದು ಸೌತ್ ಡಕೋಟ ಇರುವುದು ಖಂಡದ ನಟ್ಟನಡುವೆ, ಆದರೆ ಸುಮಾರು 7.5 ಕೋಟಿ ವರ್ಷಗಳ ಹಿಂದೆ ಅಲ್ಲಿ ಸಮುದ್ರವಿತ್ತು. ಅತಿ ದೊಡ್ಡ ಮಾದರಿ ಮೂತಿಯಿಂದ ಬಾಲದವರೆಗೆ ಸುಮಾರು 4.6 ಮೀಟರ್ ಉದ್ದ, ಈಗ ವಿಯೆನ್ನಾದ ಮ್ಯೂಸಿಯಮ್ಮಿನಲ್ಲಿದೆ. ಒಂದು ಮಾರುತಿ ಕಾರಿಗಿಂತ ಉದ್ದ. ವೀಲ್ಯಾಂಡರಿಗೆ ಸಿಕ್ಕ ಮೊದಲ ಆಮೆ ಯೇಲ್ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನಲ್ಲಿದೆ. ಅದರ ಹಿಂದಿನ ಬಲಗಾಲು ಅರ್ಧಕ್ಕೆ ಇಲ್ಲ. ಯಾವುದೋ ಬೇಟೆಗಾರ ಕಚ್ಚಿ ಹರಿದಿರಬೇಕು ಎಂದು ಊಹೆ.

ಆರ್ಕೆಲಾನಿನ ಬೆನ್ನು ಗಟ್ಟಿ ಹಲಗೆಯಲ್ಲ. ಪಕ್ಕೆಲುಬುಗಳ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ, ಮೇಲೆ ಬಹುಶಃ ತೊಗಲಿನ ಹೊದಿಕೆ. ಕಡಲಿಗಿಳಿದ ಆಮೆಗೆ ಭಾರದ ಕೋಟೆಗಿಂತ ಹಗುರಾದ ದೋಣಿ ಮುಖ್ಯ. ಈಜುವುದಕ್ಕೆ ಕೈಯ ಮೂಳೆಗಳು ಉದ್ದವಾಗಿ ಹುಟ್ಟಾದವು. ಅದಕ್ಕೆ ತೆತ್ತ ಬೆಲೆ ಎಂದರೆ ಕಡಲಾಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಳ್ಳಲಾರದು. ಉಪ್ಪುನೀರು ಕುಡಿದು ಬದುಕಲು ಕಣ್ಣಿನ ಬಳಿ ಉಪ್ಪು ಹೊರಹಾಕುವ ದೊಡ್ಡ ಗ್ರಂಥಿ ಬೇಕಾಯಿತು. ಮೊಟ್ಟೆಯಿಡಲು ದಡಕ್ಕೆ ಬಂದ ಕಡಲಾಮೆ ಅಳುತ್ತದೆ ಎಂದು ನಮ್ಮ ಮೀನುಗಾರರು ಹೇಳುವುದುಂಟು. ಆ ಕಣ್ಣೀರು ಈ ಗ್ರಂಥಿಯದು.

ಈ ಬದಲಾವಣೆಗಳಲ್ಲಿ ಯಾವುದು ಮೊದಲು? ಬ್ರೆಜಿಲಿನ ಸುಮಾರು 11 ಕೋಟಿ ವರ್ಷ ಹಳೆಯ ಪುಟ್ಟ ಕಡಲಾಮೆಯೊಂದು ಅದನ್ನು ಹೇಳಿತು. 1998ರಲ್ಲಿ ಜಪಾನಿನ ರೆನ್ ಹಿರಾಯಾಮಾ ಅದನ್ನು ವರ್ಣಿಸಿದರು. ಬುರುಡೆಯಲ್ಲಿ ಉಪ್ಪಿನ ಗ್ರಂಥಿಗೆ ದೊಡ್ಡ ಜಾಗ ಆಗಲೇ ಇತ್ತು, ಆದರೆ ಕೈ ಇನ್ನೂ ಪೂರ್ತಿ ಹುಟ್ಟಾಗಿರಲಿಲ್ಲ, ಬೆರಳುಗಳು ಅಲುಗಾಡುವಂತಿದ್ದವು. ಎಂದರೆ, ಉಪ್ಪನ್ನು ಗೆದ್ದ ಮೇಲೆಯೇ ಈಜನ್ನು ಪಳಗಿಸಿಕೊಂಡದ್ದು. ಆ ಆಮೆಗೆ ಹಿರಾಯಾಮಾ ಕೊಟ್ಟ ಹೆಸರು ಸಂತಾನಾಕೆಲಿಸ್ ಗ್ಯಾಫ್ನೆಯಿ. ನಮ್ಮ ಅಂಬೋಲಿಯ ಆಮೆಗೆ ಹೆಸರಿಟ್ಟವರಲ್ಲಿ ಒಬ್ಬರಾದ ಗ್ಯಾಫ್ನಿಯವರ ಹೆಸರೇ ಅದು.

ಹಾಗಾದರೆ ಅಂಬೋಲಿಯದು ಕಡಲಾಮೆಯೇ? ಆ ಅರ್ಥದಲ್ಲಿ ಅಲ್ಲ. ಅದು ಸಿಕ್ಕಿದ್ದು ಲಾವಾದ ಬಿಡುವಿನಲ್ಲಿ ನಿಂತ ನೀರಿನ ಕೆಸರಿನಲ್ಲಿ. ಆದರೆ ಅದರ ಮನೆತನ ಕಡಲಿನ ಪರಿಚಯವಿಲ್ಲದ್ದಲ್ಲ. ಮೊರಾಕ್ಕೋದ ಫಾಸ್ಫೇಟ್ ಗಣಿಗಳು ಹಳೆಯ ಸಮುದ್ರತಳ. ಅಲ್ಲಿ ಶಾರ್ಕ್ ಹಲ್ಲುಗಳ ಜೊತೆಗೆ ಬೋತ್ರೆಮಿಡಿಡೇ ಆಮೆಗಳೂ ಸಿಕ್ಕಿವೆ. ಆಫ್ರಿಕ, ಯುರೋಪ್, ಉತ್ತರ ಅಮೆರಿಕ ಎಂದು ಎಲ್ಲೆಲ್ಲೂ ಈ ಕುಟುಂಬ ಹರಡಿದ್ದು ಕೆಲವರಾದರೂ ಕರಾವಳಿಯ ಉಪ್ಪುನೀರನ್ನು ಸಹಿಸಿದ್ದರಿಂದ ಇರಬೇಕು. ಇಂದಿನ ಕಡಲಾಮೆಗಳೆಲ್ಲ ಕತ್ತನ್ನು ನೇರ ಮಡಚುವ ಬಣದವು. ಪಕ್ಕಕತ್ತಿನವರೂ ಒಂದು ಕಾಲಕ್ಕೆ ಕಡಲನ್ನು ಪ್ರಯತ್ನಿಸಿದ್ದರು, ಉಳಿಯಲಿಲ್ಲ.

ಉಳಿದವರು ಇನ್ನೂ ನಮ್ಮ ದಡಕ್ಕೆ ಬರುತ್ತಾರೆ. 2018ರ ಮಾರ್ಚಿನಲ್ಲಿ ವರ್ಸೋವಾ ಬೀಚಿನಲ್ಲಿ ಸುಮಾರು 80 ಆಲಿವ್ ರಿಡ್ಲಿ ಮರಿಗಳು ಮರಳಿನಿಂದೆದ್ದು ನೀರಿಗೆ ಹೋದದ್ದನ್ನು ನೀವು ಓದಿರಬಹುದು. ವರ್ಷಗಟ್ಟಲೆ ಕಸ ಎತ್ತಿ ತೊಳೆದ ಮೇಲೆ ಆ ಮರಳು ಕಣ್ಣಿಗೆ ಕಂಡಿತ್ತು. ಅಂಬೋಲಿಯಿಂದ ವರ್ಸೋವಾ ರಿಕ್ಷಾದ ದಾರಿ. ನಮ್ಮ ಕಡೆ ಹೊನ್ನಾವರದ ಕಾಸರಕೋಡು ತೀರಕ್ಕೂ ಇದೇ ಜಾತಿ ಮೊಟ್ಟೆಯಿಡಲು ಬರುತ್ತದೆ.

ಮಲ್ಪೆಯ ಕಲ್ಲು, ಮಡಗಾಸ್ಕರಿನ ದಾಯಾದಿ

ಅಂಬೋಲಿಯ ಆಮೆಗೆ ಹತ್ತಿರದ ನೆಂಟರು ಯಾರು? ಒಬ್ಬರು ತಮಿಳುನಾಡಿನಲ್ಲಿದ್ದಾರೆ. ಅರಿಯಲೂರು ಕಡೆಯ ಕಲ್ಲಮೇಡು ಎಂಬಲ್ಲಿ ಸಿಕ್ಕ ಆಮೆಗೆ 2001ರಲ್ಲಿ ಕೂರ್ಮಡೆಮಿಸ್ ಎಂದು ಹೆಸರಾಯಿತು. ದಶಾವತಾರದ ಕೂರ್ಮವೇ ಹೆಸರಿನ ಮೊದಲಿಗಿದೆ, ‘ಎಮಿಸ್’ ಎಂದರೆ ಗ್ರೀಕಿನಲ್ಲಿ ಆಮೆ. ಇನ್ನೊಬ್ಬರು ಇರುವುದು ಸಮುದ್ರದಾಚೆ ಮಡಗಾಸ್ಕರಿನಲ್ಲಿ. 2009ರಲ್ಲಿ ಹೆಸರು ಪಡೆದ ಕಿಂಕೊನಿಕೆಲಿಸ್. ಮುಂಬಯಿ, ಅರಿಯಲೂರು, ಮಡಗಾಸ್ಕರ್ ಮೂರನ್ನೂ ಗ್ಯಾಫ್ನಿ ಮತ್ತು ಸಂಗಡಿಗರು ಒಂದೇ ಗುಂಪಿಗೆ ಸೇರಿಸಿದ್ದಾರೆ.

ಮುಂಬಯಿಗೂ ಮಡಗಾಸ್ಕರಿಗೂ ಎಲ್ಲಿಯ ನೆಂಟಸ್ತಿಕೆ? ಇಲ್ಲಿ ನಮ್ಮ ಊರು ಬರುತ್ತದೆ. ಮಲ್ಪೆಯಿಂದ ಬೋಟಿನಲ್ಲಿ ಹೋಗುವ ಸೈಂಟ್ ಮೇರೀಸ್ ದ್ವೀಪವನ್ನು ನೀವು ನೋಡಿಯೇ ಇರುತ್ತೀರಿ. ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ. ಅಲ್ಲಿ ಕಲ್ಲುಗಳು ಕಂಬಗಳ ಹಾಗೆ, ಐದಾರು ಮೂಲೆಗಳಾಗಿ ಸೀಳಿಕೊಂಡು ನಿಂತಿವೆ. ಅದೂ ಲಾವಾವೇ, ಆದರೆ ದಖ್ಖನಿನ ಲಾವಾಕ್ಕಿಂತ ಹಳೆಯದು, ಸುಮಾರು 8.5ರಿಂದ 9 ಕೋಟಿ ವರ್ಷದ್ದು. ಭಾರತವೂ ಮಡಗಾಸ್ಕರೂ ಒಂದಕ್ಕೊಂದು ಅಂಟಿಕೊಂಡಿದ್ದು ಸೀಳಿ ಬೇರೆಯಾದಾಗ ಉಕ್ಕಿದ ಲಾವಾ ಅದು. ಅದೇ ಕಾಲದ ಲಾವಾ ಮಡಗಾಸ್ಕರಿನಲ್ಲೂ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಆ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ನಾವು ಬೆನ್ನು ಒರಗಿಸಿ ಫೋಟೋ ತೆಗೆಸಿಕೊಂಡ ಕಲ್ಲು ಒಂದು ಮನೆ ಪಾಲಾದದ್ದಕ್ಕೆ ಸಾಕ್ಷಿ.

ಮನೆ ಪಾಲಾದ ಮೇಲೆ ಭಾರತ ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ವೇಗದಲ್ಲಿ ಉತ್ತರಕ್ಕೆ ಹೊರಟಿತು. ಭೂಖಂಡದ ಲೆಕ್ಕದಲ್ಲಿ ಅದು ಓಟ. ಅದರ ಮೇಲೆ ಕೂತು ಬಂದ ಪ್ರಾಣಿಗಳ ಸಂತತಿಯಲ್ಲೊಂದು ಅಂಬೋಲಿಯ ಆಮೆ. ಅಂಬೋಲಿಯ ಕೆರೆಯಲ್ಲಿ ಅದು ಈಜುತ್ತಿದ್ದಾಗ ಈ ನೆಲ ಇನ್ನೂ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು. ಹುಟ್ಟಿದೂರಿನಿಂದ ಹೊರಟು ಬೇರೆಲ್ಲೋ ನೆಲೆಯಾದವರ ಪಾಡು ನಮಗೆ ಗೊತ್ತಿದೆ. ಇಲ್ಲಿ ಊರೇ ಹೊರಟಿತ್ತು, ಆಮೆ ಕೂತಲ್ಲೇ ಕೂತಿತ್ತು.

ಇಂದು ಭಾರತದ ಕಾಡು, ಕೆರೆ, ನದಿ ಎಲ್ಲೂ ಪಕ್ಕಕತ್ತಿನ ಆಮೆ ಒಂದೂ ಇಲ್ಲ. ದಕ್ಷಿಣ ಅಮೆರಿಕದಲ್ಲಿವೆ, ಆಫ್ರಿಕದಲ್ಲಿವೆ, ಆಸ್ಟ್ರೇಲಿಯಾದಲ್ಲಿವೆ, ಮಡಗಾಸ್ಕರಿನಲ್ಲಿ ಇನ್ನೂ ಇವೆ. ಇಲ್ಲಿ ಮಾತ್ರ ಆ ಬಣದ ಕತೆ ಹೇಳಲು ಉಳಿದಿರುವುದು ಕಲ್ಲು ಒಂದೇ. ಆದ್ದರಿಂದಲೇ ಆ ಕಲ್ಲಿಗೆ ಏನಾಗುತ್ತಿದೆ ಎಂಬ ಪ್ರಶ್ನೆ ಬರುತ್ತದೆ.

ಪಾಯದಲ್ಲಿ ಕಾಣುವ ಪದರ

ಅಂಧೇರಿ ಪಶ್ಚಿಮದ ಗಿಲ್ಬರ್ಟ್ ಹಿಲ್‌ಗೆ ನಾನು ಹೋಗಿದ್ದೆ. ಸುಮಾರು 200 ಅಡಿ ಎತ್ತರದ ಒಂಟಿ ಕಪ್ಪು ಬಂಡೆ, ಮಲ್ಪೆಯ ದ್ವೀಪದ ಹಾಗೆಯೇ ಕಂಬ ಕಂಬವಾಗಿ ಸೀಳಿಕೊಂಡದ್ದು. ಕಲ್ಲಿನಲ್ಲಿ ಕಡಿದ ಮೆಟ್ಟಿಲು ಹತ್ತಿದರೆ ಮೇಲೆ ಗಾಂವದೇವಿಯ ಗುಡಿ. ಮೇಲಿನಿಂದ ಸುತ್ತ ನೋಡಿದರೆ ಕಟ್ಟಡಗಳು ಬಂಡೆಯ ಬುಡದವರೆಗೆ ಬಂದು ನಿಂತಿವೆ. ಸುತ್ತಲಿನ ಕಲ್ಲನ್ನು ಕೋರೆಯಾಗಿ ಕಡಿದು ತೆಗೆದ ಮೇಲೆ ಉಳಿದದ್ದು ಈ ಒಂದು. ಇದಕ್ಕಾದರೂ ಸ್ಮಾರಕದ ರಕ್ಷಣೆ ಇದೆ, ದೇವಿಯ ರಕ್ಷಣೆಯೂ ಇದೆ. ಆಮೆ ಇದ್ದಂಥ ತೆಳು ಪದರಗಳಿಗೆ ಎರಡೂ ಇಲ್ಲ.

ಕಷ್ಟ ಏನೆಂದರೆ, ಮುಂಬಯಿಯಲ್ಲಿ ಆ ಪದರ ಕಣ್ಣಿಗೆ ಬೀಳುವುದೇ ನೆಲ ಅಗೆದಾಗ. ಕೋರೆ ಕಡಿಯದಿದ್ದರೆ ಅಂಬೋಲಿಯ ಬುರುಡೆ ಸಿಗುತ್ತಿರಲಿಲ್ಲ. ಹಾಗಾಗಿ ಅಗೆಯುವುದೇ ತಪ್ಪು ಎಂದು ನಾನು ಹೇಳಲಾರೆ. ಆದರೆ ಅಂದಿನ ಅಗೆತ ಸುತ್ತಿಗೆ, ಉಳಿ, ಕೈಗಳದು. ಕಲ್ಲು ಕಣ್ಣೆದುರು ಒಡೆಯುತ್ತಿತ್ತು. ಇಂದು ಬ್ರೇಕರ್ ಮೆಶಿನ್ ಒಡೆಯುತ್ತದೆ, ಡಂಪರ್ ರಾತ್ರಿಯೇ ಹೊತ್ತೊಯ್ಯುತ್ತದೆ. ಸಾಂತಾಕ್ರೂಜಿನ ಕೆಳಗೆ 2024ರ ಅಕ್ಟೋಬರಿನಿಂದ ಭೂಗತ ಮೆಟ್ರೋ ಓಡುತ್ತಿದೆ. ಎಷ್ಟು ಕೋಟಿ ವರ್ಷದ ಪುಟಗಳನ್ನು ದಾಟಿ ಹೋಗುತ್ತಿದ್ದೇವೆ ಎಂದು ಆ ಎಸ್ಕಲೇಟರಿನಲ್ಲಿ ಇಳಿಯುವಾಗಲೆಲ್ಲ ಯೋಚಿಸುತ್ತೇನೆ.

ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿ ಹಳೆಯ ಬಿಲ್ಡಿಂಗೊಂದು ರಿಡೆವಲಪ್‌ಮೆಂಟಿಗೆ ಹೋಗಿ ಪಾಯ ತೆಗೆಯುತ್ತಿದ್ದರು. ತಗಡಿನ ಬೇಲಿಯ ಬಾಗಿಲಲ್ಲಿ ನಿಂತು ನಾನು ಕಲ್ಲು ನೋಡುತ್ತಿದ್ದುದನ್ನು ಕಂಡು ಅಲ್ಲಿ ಕೆಲಸದಲ್ಲಿದ್ದ ಒಬ್ಬರು ಹತ್ತಿರ ಬಂದರು. ಮರಾಠಿಯಲ್ಲಿ ಶುರುವಾದ ಮಾತು ಎರಡನೇ ವಾಕ್ಯಕ್ಕೆ ಕನ್ನಡಕ್ಕೆ ತಿರುಗಿತು. ಯಾದಗಿರಿ ಕಡೆಯವರು.

“ಏನ್ ಹುಡುಕ್ಲಾಕತ್ತೀರಿ ಸಾಹೇಬ್ರ, ಏನರೆ ಕಳಕೊಂಡೀರೇನು?”

ಆಮೆಯ ಕತೆ ಹೇಳಿದೆ. ಅವರು ನಗಲಿಲ್ಲ.

“ಎಲ್ಲಾ ಕಡಿ ಒಂದೇ ಕಲ್ಲು ಇರೂದಿಲ್ರಿ. ಕರಿ ಕಲ್ಲು ಹೊಡದು ಹೊಡದು ಕೈ ಸೋಲ್ತಾವ, ಅದರ ಕೆಳಗ ಒಮ್ಮೊಮ್ಮೆ ಪದರ ಪದರ ಮೆತ್ತನ ಕಲ್ಲು ಬರ್ತದ. ನಮಗ ಅದು ಬಂದ್ರ ಖುಷಿ, ಲಗೂ ಕೆಲಸ ಆಗ್ತದ. ಅದರಾಗ ಎಲಿ ಗುರುತು ಇದ್ದಂಗ ಕಂಡದ ನನಗ ಒಂದೆರಡು ಸಲ.”

“ಯಾರಿಗಾದರೂ ತೋರಿಸಿದಿರಾ?”

“ಯಾರಿಗಂತ ತೋರಿಸೂದ್ರಿ? ಮೇಸ್ತ್ರಿಗೆ ತೋರಿಸಿದ್ರ ಕೆಲಸ ಮಾಡೋ ಅಂತಾನ.”

ಅವರು ಕಂಡದ್ದು ಎಲೆಯ ಗುರುತೇ ಆಗಿತ್ತೋ ಏನೋ, ಆ ಕಲ್ಲು ಈಗ ಯಾವ ತಗ್ಗನ್ನು ತುಂಬಿದೆಯೋ. ಆದರೆ ಅವರ ಪ್ರಶ್ನೆ ಸರಿಯಾದದ್ದು. ಯಾರಿಗೆ ತೋರಿಸಬೇಕು? ಮೊದಲು ನೋಡುವವರು ಅವರೇ. ಪ್ರೊಫೆಸರರು ಬರುವ ಹೊತ್ತಿಗೆ ಪಾಯಕ್ಕೆ ಕಾಂಕ್ರೀಟ್ ಬಿದ್ದಿರುತ್ತದೆ. ಈ ಊರಿನ ಕಲ್ಲನ್ನು ಕಡಿದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರಗಳ ಕೈಗಳು ಎಷ್ಟೋ ಇವೆ. ಆ ಕೈಗಳಿಗೆ ಏನು ಸಿಕ್ಕಿತು ಎಂಬುದನ್ನು ಕೇಳುವ, ಬರೆದಿಡುವ ಏರ್ಪಾಡು ಇಲ್ಲ.

ಪುರಾತನ ಶಿಲ್ಪ, ಶಾಸನಗಳಿಗೆ ನಮ್ಮಲ್ಲಿ ಕಾನೂನು ಇದೆ. ಪಳೆಯುಳಿಕೆಗಳಿಗೆ ಅಂಥದ್ದನ್ನು ತರಲು ಕೇಂದ್ರದ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಭೂಪರಂಪರೆಯ ತಾಣಗಳ ಕರಡು ಮಸೂದೆಯೊಂದನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಇಟ್ಟಿತ್ತು. ವಿಜ್ಞಾನಿಗಳಲ್ಲೇ ಅದಕ್ಕೆ ಪರ ವಿರೋಧ ಎರಡೂ ಬಂದವು. ಎಲ್ಲ ಅಧಿಕಾರ ಒಂದೇ ಇಲಾಖೆಯ ಕೈಗೆ ಹೋಗಬಾರದು ಎಂಬುದು ಮುಖ್ಯ ಆಕ್ಷೇಪ. ಆ ಚರ್ಚೆ ಬೇಕಾದದ್ದೇ. ಆದರೆ ಪಾಯ ಅಗೆಯುವ ಮೆಶಿನ್ ಚರ್ಚೆ ಮುಗಿಯುವವರೆಗೆ ಕಾಯುವುದಿಲ್ಲ.

ನಮ್ಮ ಕೈಯಲ್ಲಿ ಆಗುವುದು ಸಣ್ಣದು, ಆದರೆ ಆಗುವಂಥದ್ದು. ನಮ್ಮ ಓದುಗರಲ್ಲಿ ಸೊಸೈಟಿಯ ಕಮಿಟಿಯಲ್ಲಿರುವವರಿದ್ದೀರಿ, ಸಿವಿಲ್ ಇಂಜಿನಿಯರುಗಳಿದ್ದೀರಿ, ಗುತ್ತಿಗೆದಾರರಿದ್ದೀರಿ. ನಿಮ್ಮ ಬಿಲ್ಡಿಂಗಿನ ಪಾಯ ತೆಗೆಯುವ ಮೊದಲು ಮಣ್ಣು ಪರೀಕ್ಷೆಗೆ ಬೋರ್ ಹೊಡೆದು ಕಲ್ಲಿನ ಉರುಳೆಗಳನ್ನು ತೆಗೆಯುತ್ತಾರೆ. ಅವನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಕಪ್ಪು ಕಲ್ಲಿನ ನಡುವೆ ಬೂದು, ಹಸಿರು ಛಾಯೆಯ ಪದರ ಪದರವಾದ ಮೆತ್ತನೆಯ ಕಲ್ಲು ಬಂದರೆ ಆ ಉರುಳೆಗಳನ್ನು ಎಸೆಯಬೇಡಿ. ಎಷ್ಟು ಆಳದಲ್ಲಿ ಬಂತು ಎಂದು ಬರೆದಿಡಿ. ಅಗೆಯುವಾಗ ಮೂಳೆ, ಚಿಪ್ಪು, ಎಲೆಯ ಅಚ್ಚು ಕಂಡರೆ ಒಂದು ನಾಣ್ಯವನ್ನು ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ, ಆಗ ಅಳತೆ ಗೊತ್ತಾಗುತ್ತದೆ. ಒಡೆದು ಬಿಡಿಸಲು ಹೋಗಬೇಡಿ, ಸುತ್ತಲಿನ ಕಲ್ಲು ಸಮೇತ ಎತ್ತಿಡಿ. ಭೂವಿಜ್ಞಾನ ಕಲಿಸುವ ಹತ್ತಿರದ ಕಾಲೇಜಿಗೆ, ಇಲ್ಲವೇ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ತಿಳಿಸಿ. ಮುಖ್ಯವಾಗಿ, ಕೆಲಸದವರಿಗೆ ಮೊದಲೇ ಹೇಳಿಡಿ, ಅವರ ಭಾಷೆಯಲ್ಲಿ ಹೇಳಿಡಿ. ಮುಂಬಯಿಯಲ್ಲಿ ಆ ಭಾಷೆ ಎಷ್ಟೋ ಸಲ ಕನ್ನಡವೇ ಆಗಿರುತ್ತದೆ.

ಯಾದಗಿರಿಯವರಿಗೆ ನಾನು ನನ್ನ ಫೋನ್ ನಂಬರ್ ಕೊಟ್ಟೆ. ಮೆತ್ತನೆಯ ಕಲ್ಲು ಬಂದರೆ ಒಂದು ಮಿಸ್ಡ್ ಕಾಲ್ ಕೊಡಿ, ನಾನೇ ಬರುತ್ತೇನೆ ಎಂದೆ. ಅವರು ನಂಬರನ್ನು ‘ಆಮಿ ಸಾಹೇಬ್ರು’ ಎಂದು ಸೇವ್ ಮಾಡಿಕೊಂಡರು.